ಹನ್ನೆರಡು ಸೆಂಟಿನ ಸಾಹಸಿಗಳು

1974ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಕಾಮಿಕ್ಸಿನ 181ನೆಯ ಸಂಚಿಕೆ ಮಾರಾಟಕ್ಕೆ ಬಂತು. ಬೆಲೆ 25 ಸೆಂಟ್. ಅದರ ಓದುಗರ ಪತ್ರಗಳ ಪುಟದಲ್ಲಿ ಅಂಚೆಚೀಟಿಯಷ್ಟು ದೊಡ್ಡ ಚಿತ್ರವೊಂದಿತ್ತು. ಇದನ್ನು ಕತ್ತರಿಸಿ ತೆಗೆಯಿರಿ, ಆಲ್ಬಂನಲ್ಲಿ ಅಂಟಿಸಿ ಎಂದು ಪ್ರಕಾಶಕರಾದ ಮಾರ್ವೆಲ್‌ನವರೇ ಮಕ್ಕಳಿಗೆ ಹೇಳಿದ್ದರು. ಮಾತು ಕೇಳುವ ಮಕ್ಕಳು ಕತ್ತರಿ ಹಿಡಿದು ಕೂತರು. ಆ ಸಂಚಿಕೆಯಲ್ಲಿ ಕೈಯಿಂದ ಉಗುರು ಚಾಚುವ ಒಬ್ಬ ಕುಳ್ಳ ಹೊಸದಾಗಿ ಬಂದಿದ್ದ. ಹೆಸರು ವುಲ್ವರಿನ್. ಮುಂದೆ ಅವನು ಎಷ್ಟು ದೊಡ್ಡವನಾದ ಎಂಬುದು ಸಿನಿಮಾ ನೋಡುವವರಿಗೆಲ್ಲ ಗೊತ್ತು. ಈಗ ಆ ಚೀಟಿ ಉಳಿದಿರುವ ಒಳ್ಳೆಯ ಪ್ರತಿಗೆ ಸಾವಿರಾರು ಡಾಲರ್. ಚೀಟಿ ಹೋದ ಪ್ರತಿಗೆ ಅದರಲ್ಲಿ ಒಂದು ಪಾಲು ಬಂದರೆ ಹೆಚ್ಚು. ಹೇಳಿದ ಮಾತು ಕೇಳದ ಸೋಮಾರಿಗಳ ಪ್ರತಿಗೇ ಕೊನೆಗೆ ಬೆಲೆ ಬಂದದ್ದು.

ಹೀಗೆ ಹಳೆಯ ಸೂಪರ್‌ಹೀರೋ ಕಾಮಿಕ್ಸ್ ಸಂಚಿಕೆಗಳನ್ನು ಹುಡುಕಿ ಕೂಡಿಡುವವರ ದೊಡ್ಡ ಪಂಗಡವೇ ಅಮೆರಿಕದಲ್ಲಿದೆ. ನಮಗೂ ಇದು ಪೂರಾ ಹೊರಗಿನ ವಿಷಯವೇನಲ್ಲ. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರು ಮಾಡಿದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲೂ ಬಂತು. ಅದರಿಂದ ನಮ್ಮ ಮನೆಗಳಿಗೆ ಕಾಲಿಟ್ಟ ಫ್ಯಾಂಟಮ್, ಅಮೆರಿಕದ ದಿನಪತ್ರಿಕೆಗಳಲ್ಲಿ 1936ರಲ್ಲೇ ಮೈಗಂಟಿದ ಉಡುಪು ತೊಟ್ಟು ಓಡಾಡುತ್ತಿದ್ದವನು; ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ. ಆಗ ಇಂದ್ರಜಾಲ ಓದಿದವರ ಮಕ್ಕಳು ಈಗ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದಾರೆ. ಅಲ್ಲಿ ಶನಿವಾರ ಕಾಮಿಕ್ಸ್ ಅಂಗಡಿ ಹೊಕ್ಕು, ಉದ್ದನೆಯ ರಟ್ಟಿನ ಡಬ್ಬಿಗಳ ಮುಂದೆ ನಿಂತು, ಇದರಲ್ಲಿ ಯಾವುದನ್ನು ಕೊಳ್ಳುವುದು ಎಂದು ಗೊತ್ತಾಗದೆ ತಲೆ ಕೆರೆದುಕೊಳ್ಳುವವರೂ ಅವರಲ್ಲಿದ್ದಾರೆ. ಇವತ್ತಿನ ಮಾತು ಅಂಥವರಿಗೆ.

ಮೊದಲು ಕೈಗೆ ಸಿಗದ್ದನ್ನು ಪಕ್ಕಕ್ಕಿಟ್ಟುಬಿಡೋಣ. 1938ರ ಜೂನ್ ತಿಂಗಳ ಹೆಸರು ಹೊತ್ತ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹುಟ್ಟಿದ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 130 ಡಾಲರಿಗೆ ಎಲ್ಲ ಹಕ್ಕನ್ನೂ ಬರೆದುಕೊಟ್ಟರು. ಅದೇ 10 ಸೆಂಟಿನ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. 2025ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಮನೆಯೊಂದರ ಅಟ್ಟದಲ್ಲಿ ಹಳೆಯ ಪೇಪರುಗಳ ಅಡಿ ಸಿಕ್ಕಿದ 1939ರ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆ 91.2 ಲಕ್ಷ ಡಾಲರ್ ತಂದಿತು. ಇಷ್ಟು ಬೆಲೆ ಏಕೆ ಎಂದರೆ ಉಳಿದಿರುವುದೇ ಕಡಿಮೆ. ಮಕ್ಕಳು ಓದಿ ಎಸೆದರು, ತಾಯಂದಿರು ಗುಡಿಸಿ ಹಾಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಂತೂ ಯುದ್ಧಕ್ಕೆ ಕಾಗದ ಬೇಕು ಎಂದು ಬಾಯ್‌ಸ್ಕೌಟ್ ಹುಡುಗರು ಮನೆಮನೆಗೆ ಹೋಗಿ ರದ್ದಿ ಕೂಡಿಸಿದರು. ಲೆಕ್ಕವಿಲ್ಲದಷ್ಟು ಕಾಮಿಕ್ಸ್ ಆ ದೇಶಭಕ್ತಿಯಲ್ಲಿ ಕರಗಿ ರಟ್ಟಾಗಿ ಹೋದವು. ಆ ಕಾಲದ ಪುಸ್ತಕಗಳನ್ನು ಗೋಲ್ಡನ್ ಏಜ್ ಎನ್ನುತ್ತಾರೆ. ಸಂಬಳದ ಮೇಲೆ ಬದುಕುವವರು ಆ ಕಡೆ ನೋಡಿ ಕೈಮುಗಿದು ಮುಂದೆ ಹೋಗಬೇಕು.

ನಮಗೆ ಬೇಕಾದದ್ದು ಅದರ ನಂತರದ ಎರಡು ಕಾಲಗಳು. 1956ರ ‘ಶೋಕೇಸ್’ ನಾಲ್ಕನೆಯ ಸಂಚಿಕೆಯಲ್ಲಿ ಡಿಸಿ ಸಂಸ್ಥೆ ಫ್ಲ್ಯಾಶ್ ಎಂಬ ಹಳೆಯ ಹೆಸರಿಗೆ ಹೊಸ ಮನುಷ್ಯನನ್ನು ತಂದಿತು. ಅಲ್ಲಿಂದ 1970ರ ಹೊತ್ತಿನವರೆಗೆ ಸಿಲ್ವರ್ ಏಜ್. 1961ರಲ್ಲಿ ಫೆಂಟಾಸ್ಟಿಕ್ ಫೋರ್, 1962ರಲ್ಲಿ ಹಲ್ಕ್, ಥಾರ್, ಸ್ಪೈಡರ್‌ಮ್ಯಾನ್, 1963ರಲ್ಲಿ ಐರನ್‌ಮ್ಯಾನ್, ಎಕ್ಸ್‌ಮೆನ್, ಅವೆಂಜರ್ಸ್ ಎಲ್ಲರೂ ಸಾಲಾಗಿ ಹುಟ್ಟಿದ್ದು ಈ ಅವಧಿಯಲ್ಲಿ. 1970ರಿಂದ 80ರ ದಶಕದ ನಡುವಿನವರೆಗಿನದು ಬ್ರಾಂಜ್ ಏಜ್. ಮುಖಪುಟದ ಬೆಲೆಯನ್ನು ನೋಡಿಯೇ ಕಾಲ ಹೇಳಬಹುದು. 10 ಸೆಂಟ್ ಇದ್ದದ್ದು 1960ರ ದಶಕದ ಆರಂಭದಲ್ಲಿ 12 ಆಯಿತು, 1969ರಲ್ಲಿ 15, ಆಮೇಲೆ 20, 1974ರಲ್ಲಿ 25, ಹಾಗೇ ಏರುತ್ತ ಹೋಯಿತು. ಸ್ವಲ್ಪ ದಿನ ಡಬ್ಬಿ ಕೆದಕಿದರೆ, ಮೇಲಿನ ಮೂಲೆಯಲ್ಲಿ 12 ಸೆಂಟ್ ಕಂಡ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ. ಇನ್ನೊಂದು ವಿಷಯ ನೆನಪಿರಲಿ, ಮುಖಪುಟದ ತಿಂಗಳು ಅಂಗಡಿಗೆ ಬಂದ ತಿಂಗಳಲ್ಲ. ಎರಡು ಮೂರು ತಿಂಗಳು ಮುಂದಿನದನ್ನು ಹಾಕುವುದು ಅಲ್ಲಿಯ ರೂಢಿ.

ಈಗ ಆಯ್ಕೆಯ ಮಾತು. ಅಂಗಡಿಯವನು, ಬೆಲೆ ಪುಸ್ತಕ, ಸ್ನೇಹಿತರು ಎಲ್ಲರೂ ನಿಮಗೆ ಮೊದಲು ಹೇಳುವುದು ‘ಕೀ’ ಸಂಚಿಕೆ ಕೊಳ್ಳಿ ಎಂದು. ಕೀ ಎಂದರೆ ಯಾವುದೋ ಪಾತ್ರ ಮೊದಲ ಬಾರಿ ಕಾಣಿಸಿಕೊಂಡದ್ದು, ಯಾರೋ ಸತ್ತದ್ದು, ಉಡುಪು ಬದಲಾದದ್ದು. ಅದರಲ್ಲಿ ಮೊದಲ ಕಾಣಿಸುವಿಕೆಗೇ ಎಲ್ಲಿಲ್ಲದ ಗಿರಾಕಿ. ಸ್ಪೈಡರ್‌ಮ್ಯಾನ್ ಮೊದಲು ಬಂದ, 1962ರ ‘ಅಮೇಜಿಂಗ್ ಫ್ಯಾಂಟಸಿ’ 15ನೆಯ ಸಂಚಿಕೆಯ ಅಚ್ಚುಕಟ್ಟಾದ ಒಂದು ಪ್ರತಿಗೆ 2021ರಲ್ಲಿ 36 ಲಕ್ಷ ಡಾಲರ್ ಬಂತು. ಅದು ಆ ಪತ್ರಿಕೆಯ ಕೊನೆಯ ಸಂಚಿಕೆ ಎನ್ನುವುದು ತಮಾಷೆ. ಮುಚ್ಚುವ ಪತ್ರಿಕೆ ತಾನೆ, ಏನು ಹಾಕಿದರೇನು ಎಂದು ಹಾಕಿದ್ದು ಮಾರ್ವೆಲ್ ಸಂಸ್ಥೆಯ ಹಣೆಬರಹವನ್ನೇ ಬದಲಿಸಿತು.

ನನ್ನ ಮಟ್ಟಿಗೆ, ಹೊಸಬರು ಕೀ ಸಂಚಿಕೆಗಳ ಬೆನ್ನು ಹತ್ತಬಾರದು. ಅವುಗಳ ಬೆಲೆಗೂ ಪುಸ್ತಕದೊಳಗಿನ ಕತೆಗೂ ಸಂಬಂಧವಿರಬೇಕೆಂದೇನಿಲ್ಲ. ಹಾಲಿವುಡ್‌ನಲ್ಲಿ ಯಾವುದೋ ಮೂಲೆಯ ಖಳನ ಮೇಲೆ ಸಿನಿಮಾ ಬರುತ್ತದಂತೆ ಎಂದು ಯಾರೋ ಅಂದರೆ ಸಾಕು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಬೆಲೆ ಜಿಗಿಯುತ್ತದೆ. 1973ರ ‘ಐರನ್‌ಮ್ಯಾನ್’ 55ನೆಯ ಸಂಚಿಕೆಯಲ್ಲಿ ಥಾನೋಸ್ ಎಂಬ ಖಳ ಮೊದಲು ಬಂದ. ಬಹುಕಾಲ ಅದನ್ನು ಹುಡುಕಿಕೊಂಡು ಹೋಗುತ್ತಿದ್ದವರು ಹೆಚ್ಚಿರಲಿಲ್ಲ. ಅವನು ಬೆಳ್ಳಿತೆರೆಗೆ ಬಂದ ಮೇಲೆ ಎಲ್ಲರಿಗೂ ಅದೇ ಬೇಕು. ಸುದ್ದಿ ಕೇಳಿ ಕೊಳ್ಳುವವರು ಯಾವತ್ತೂ ಸುದ್ದಿಗಿಂತ ಮೊದಲು ಕೊಂಡವರ ಲಾಭ ಕಟ್ಟುವವರು.

ದುಡ್ಡು ಮಾಡುವುದಕ್ಕೇ ಕೊಳ್ಳುವವರಿಗೆ 1990ರ ದಶಕ ಒಂದು ಪಾಠ ಕಲಿಸಿತ್ತು. ಹಳೆಯ ಕಾಮಿಕ್ಸ್ ಬಂಗಾರವಾಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಾಗಾದರೆ ಹೊಸದನ್ನು ಕೊಂಡಿಟ್ಟರೆ ಮುಂದೆ ಅದೂ ಬಂಗಾರವಾದೀತು ಎಂದು ಜನ ಲೆಕ್ಕ ಹಾಕಿದರು. 1991ರ ಹೊಸ ‘ಎಕ್ಸ್‌ಮೆನ್’ ಮೊದಲ ಸಂಚಿಕೆ ಐದು ಬಗೆಯ ಮುಖಪುಟ ಹೊತ್ತು 80 ಲಕ್ಷಕ್ಕೂ ಮೀರಿ ಪ್ರತಿ ಮಾರಾಟವಾಯಿತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ 75ನೆಯ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಕೈಗೆ ಕಟ್ಟಿಕೊಳ್ಳುವ ಶೋಕದ ಪಟ್ಟಿಯ ಸಮೇತ ಬಂತು. ಅಂಗಡಿಗಳ ಮುಂದೆ ಸಾಲು. ಚೀಲ ಒಡೆದರೆ ಬೆಲೆ ಹೋಗುತ್ತದೆಂದು ಒಂದನ್ನು ಓದಲು, ಒಂದನ್ನು ಇಡಲು ಎಂದು ಎರಡೆರಡು ಕೊಂಡರು. ಎಲ್ಲರೂ ಜೋಪಾನ ಮಾಡಿದ್ದು ಅಪರೂಪ ಹೇಗಾದೀತು? ಕೆಲವೇ ವರ್ಷಗಳಲ್ಲಿ ವ್ಯಾಪಾರ ಕುಸಿದು ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. ಆ ಕಪ್ಪು ಚೀಲಗಳು ಇಂದಿಗೂ ಅಗ್ಗದ ಡಬ್ಬಿಗಳಲ್ಲಿ ಒಡೆಯದೆ ಬಿದ್ದಿವೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಾನು ಕೇಳುವ ಪ್ರಶ್ನೆ ಒಂದೇ: ಮರುಮುದ್ರಣದಲ್ಲಿ ಸಿಗದ ಏನು ಈ ಹಳೆಯ ಸಂಚಿಕೆಯಲ್ಲಿದೆ? ಕತೆ ಮಾತ್ರ ಬೇಕೆಂದರೆ ಹಳೆಯದೆಲ್ಲ ಇವತ್ತು ಒಳ್ಳೆಯ ಬಿಳಿ ಹಾಳೆಯಲ್ಲಿ, ದಪ್ಪ ಸಂಪುಟಗಳಾಗಿ ಸಿಗುತ್ತದೆ. ಅದನ್ನು ಕೊಂಡು ಓದಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಂಪುಟಗಳನ್ನು ಮಾಡುವಾಗ ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗಗಳಿವೆ. ಸಂಗ್ರಾಹಕನಿಗೆ ರುಚಿ ಇರುವುದು ಅಲ್ಲೇ.

ಓದುಗರ ಪತ್ರಗಳನ್ನೇ ತೆಗೆದುಕೊಳ್ಳಿ. ಆಗಿನ ಸಂಚಿಕೆಗಳಲ್ಲಿ ಒಂದೆರಡು ಪುಟ ಅದಕ್ಕೇ ಮೀಸಲು. ಬರೆದವರ ಹೆಸರು, ಊರು, ಬೀದಿ ಸಮೇತ ಅಚ್ಚಾಗುತ್ತಿತ್ತು. ಈ ವಿಳಾಸಗಳಿಂದಲೇ ದೂರದೂರದ ಅಭಿಮಾನಿಗಳು ಒಬ್ಬರಿಗೊಬ್ಬರು ಕಾಗದ ಬರೆದು ಪರಿಚಯವಾದರು, ಕೈಬರಹದ ಪತ್ರಿಕೆಗಳಂಥವನ್ನು ಹೊರಡಿಸಿದರು, ಮುಂದೆ ಸಮ್ಮೇಳನ ಸೇರಿದರು. ಈ ಹವ್ಯಾಸ ಮೊಳೆತದ್ದೇ ಪತ್ರಗಳ ಪುಟದಲ್ಲಿ ಎಂದರೆ ಹೆಚ್ಚು ಹೇಳಿದಂತಾಗದು. 1963ರ ನವೆಂಬರ್ ತಿಂಗಳ ‘ಫೆಂಟಾಸ್ಟಿಕ್ ಫೋರ್’ 20ನೆಯ ಸಂಚಿಕೆಯಲ್ಲಿ ನ್ಯೂಜೆರ್ಸಿಯ ಹದಿಹರೆಯದ ಹುಡುಗನೊಬ್ಬ ಹಿಂದಿನ ಸಂಚಿಕೆಯೊಂದನ್ನು ಕೊಂಡಾಡಿ ಬರೆದ ಪತ್ರವಿದೆ. ಅವನು ಮುಂದೆ ‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್. ಹೊಳಪು ಕಾಗದದ ಸಂಪುಟದಲ್ಲಿ ಇಂಥ ಪತ್ರ ಸಿಕ್ಕರೆ ಅದೃಷ್ಟ, ಹಳೆಯ ಸಂಚಿಕೆಯಲ್ಲಿ ಅದು ತನ್ನ ಜಾಗದಲ್ಲೇ ಇರುತ್ತದೆ.

ಜಾಹೀರಾತುಗಳದು ಇನ್ನೊಂದು ಲೋಕ. ನೀರಿಗೆ ಹಾಕಿದರೆ ಜೀವ ತಳೆಯುವ ‘ಸೀ ಮಂಕಿ’ಗಳು, ಗೋಡೆಯಾಚೆ ಕಾಣಿಸುವ ಎಕ್ಸ್‌ರೇ ಕನ್ನಡಕ, ಮೈ ಬೆಳೆಸುವ ಚಾರ್ಲ್ಸ್ ಅಟ್ಲಾಸ್ ಪಾಠ. 1970ರ ದಶಕದ ನಡುವಿನಿಂದ ಹೋಸ್ಟೆಸ್ ಕೇಕಿನ ಜಾಹೀರಾತು ಶುರುವಾಗುತ್ತದೆ. ಒಂದೇ ಪುಟದ ಕತೆಯಲ್ಲಿ ಬ್ಯಾಟ್‌ಮ್ಯಾನನೋ ಸ್ಪೈಡರ್‌ಮ್ಯಾನನೋ ಕಳ್ಳರ ಮುಂದೆ ಕೇಕು ಎಸೆಯುತ್ತಾನೆ, ಕಳ್ಳರು ಕೇಕು ತಿನ್ನುತ್ತ ಸಿಕ್ಕಿಬೀಳುತ್ತಾರೆ. ಜಗತ್ತನ್ನೇ ಉಳಿಸುವವರು ಬೇಕರಿ ತಿಂಡಿ ಮಾರಲು ನಿಂತದ್ದನ್ನು ನೋಡಿದಾಗ, ಆ ಕಾಲದ ಅಮೆರಿಕದ ಮಗುವಿನ ಕಿಸೆಯಲ್ಲಿ ಎಷ್ಟು ಚಿಲ್ಲರೆ ಇತ್ತು, ಯಾರು ಯಾರು ಅದರ ಮೇಲೆ ಕಣ್ಣಿಟ್ಟಿದ್ದರು ಎಂಬುದು ಅರ್ಥವಾಗುತ್ತದೆ. ಯಾವ ಸಮಾಜಶಾಸ್ತ್ರದ ಪುಸ್ತಕವೂ ಇದನ್ನು ಇಷ್ಟು ಸಲೀಸಾಗಿ ಹೇಳದು.

ಬಣ್ಣವೂ ಬೇರೆ. ಆಗ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ನಾಲ್ಕು ಶಾಯಿಗಳ ಚಿಕ್ಕ ಚುಕ್ಕಿಗಳಿಂದ ಎಲ್ಲ ಬಣ್ಣವೂ ಆಗಬೇಕಿತ್ತು. ಚಿತ್ರಕಾರರು, ಬಣ್ಣ ಹಾಕುವವರು ಆ ಕಾಗದ ಶಾಯಿ ಹೀರುತ್ತದೆ ಎಂದು ತಿಳಿದೇ ಕೆಲಸ ಮಾಡುತ್ತಿದ್ದರು. ಅದೇ ಬಣ್ಣವನ್ನು ಇಂದಿನ ಹೊಳಪು ಹಾಳೆಗೆ ಏರಿಸಿದರೆ ಕಣ್ಣಿಗೆ ರಾಚುತ್ತದೆ.

ಮುಖಪುಟದ ಒಂದು ಮೂಲೆಯಲ್ಲಿ ಅಂಚೆಚೀಟಿಯಂಥ ಮುದ್ರೆಯೊಂದನ್ನು ಗಮನಿಸಿ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದ, ಸೆನೆಟ್ಟಿನಲ್ಲಿ ವಿಚಾರಣೆಯಾಯಿತು, ಹೆದರಿದ ಪ್ರಕಾಶಕರು ತಮಗೆ ತಾವೇ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ಹಾಕಿಕೊಂಡರು. ಆ ಮುದ್ರೆ ಇಲ್ಲದ ಪುಸ್ತಕವನ್ನು ಮಾರಲು ಹಂಚಿಕೆದಾರರು ಹಿಂಜರಿಯುತ್ತಿದ್ದರು. ಮಾದಕ ವಸ್ತುಗಳ ಹೆಸರೆತ್ತುವುದಕ್ಕೂ ಕೋಡ್ ಬಿಡುತ್ತಿರಲಿಲ್ಲ. ಹೀಗಿರುವಾಗ ಅಮೆರಿಕದ ಆರೋಗ್ಯ ಇಲಾಖೆಯವರೇ, ಮಕ್ಕಳಿಗೆ ಮಾದಕ ವಸ್ತುಗಳ ಅಪಾಯ ತಿಳಿಸುವ ಕತೆ ಬರೆಯಿರಿ ಎಂದು ಮಾರ್ವೆಲ್‌ನ ಸಂಪಾದಕ ಸ್ಟ್ಯಾನ್ ಲೀಯವರನ್ನು ಕೇಳಿಕೊಂಡರು. ಬರೆದರು, ಕೋಡ್‌ನವರು ಒಪ್ಪಲಿಲ್ಲ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 96, 97, 98ನೆಯ ಸಂಚಿಕೆಗಳು 1971ರಲ್ಲಿ ಮುದ್ರೆ ಇಲ್ಲದೆಯೇ ಹೊರಬಂದು, ಚೆನ್ನಾಗಿ ಮಾರಾಟವಾಗಿ, ಅದೇ ವರ್ಷ ಕೋಡನ್ನೇ ಸಡಿಲಿಸುವಂತೆ ಮಾಡಿದವು. ಆ ಮೂರನ್ನು ಅಕ್ಕಪಕ್ಕ ಇಟ್ಟುಕೊಂಡು ಖಾಲಿ ಮೂಲೆಯನ್ನು ನೋಡಿದರೆ ಒಂದು ಕಾಲದ ಜಗಳ ಕಣ್ಣಿಗೆ ಕಾಣುತ್ತದೆ. ನಾನು ಸಂಗ್ರಹಯೋಗ್ಯ ಎನ್ನುವುದು ಇಂಥದ್ದನ್ನು.

ಹಾಗಾಗಿ ಬಿಡಿ ಬಿಡಿ ಕೀ ಸಂಚಿಕೆಗಳ ಬದಲು ಒಬ್ಬ ಲೇಖಕ, ಒಬ್ಬ ಚಿತ್ರಕಾರ ಕೂಡಿ ಮಾಡಿದ ಒಂದು ಸಾಲನ್ನು ಹಿಡಿಯಿರಿ. ಸಾಲು ದೊಡ್ಡದಿರಬೇಕಿಲ್ಲ. ಸ್ಟೀವ್ ಡಿಟ್ಕೊ ಚಿತ್ರ ಬರೆದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 31ರಿಂದ 33 ಕೇವಲ ಮೂರು ಸಂಚಿಕೆ. ಕುಸಿದ ಯಂತ್ರದ ಅಡಿ ಸಿಲುಕಿದ ಹುಡುಗ ಅದನ್ನು ಎತ್ತಿ ಏಳುವ 33ನೆಯ ಸಂಚಿಕೆಯ ಪುಟಗಳನ್ನು ಮೀರಿಸಿದ ಸಾಹಸ ದೃಶ್ಯ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ನನಗೆ ಕಂಡಿಲ್ಲ. ಜ್ಯಾಕ್ ಕರ್ಬಿ ಚಿತ್ರಿಸಿದ 1966ರ ‘ಫೆಂಟಾಸ್ಟಿಕ್ ಫೋರ್’ 48ರಿಂದ 50, ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಕತೆ, ಈಗ ದುಬಾರಿ. ಅದರ ಮರುತಿಂಗಳ 51ನೆಯ ಸಂಚಿಕೆ ಅಷ್ಟು ದುಬಾರಿಯಲ್ಲ, ಕತೆಯಾಗಿ ಅದಕ್ಕಿಂತಲೂ ಗಟ್ಟಿ. ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವ 1973ರ ಸ್ಪೈಡರ್‌ಮ್ಯಾನ್ 121ಕ್ಕೆ ಜನ ಮುಗಿಬೀಳುತ್ತಾರೆ. ಅವಳ ತಂದೆ ಸಾಯುವ 1970ರ 90ನೆಯ ಸಂಚಿಕೆಯನ್ನು ಕೇಳುವವರು ಕಡಿಮೆ. ಹೀಗೆ ಎಲ್ಲರೂ ನುಗ್ಗುವ ಬಾಗಿಲಿನ ಪಕ್ಕದ ಬಾಗಿಲನ್ನು ತಟ್ಟುವುದು ಒಂದು ಉಪಾಯ.

ಬ್ಯಾಟ್‌ಮ್ಯಾನ್ ಇಷ್ಟವಿರುವವರಿಗೆ ಡೆನ್ನಿ ಓನೀಲ್ ಬರೆದು ನೀಲ್ ಆ್ಯಡಮ್ಸ್ ಚಿತ್ರಿಸಿದ 1970ರ ದಶಕದ ಮೊದಲ ವರ್ಷಗಳು. 1971ರ 232ನೆಯ ಸಂಚಿಕೆ, 1973ರ ಜೋಕರ್ ಕತೆಯ 251ನೆಯದು ಎರಡೂ ಕೈ ಕಚ್ಚುತ್ತವೆ, ನಡುವೆ ಒಳ್ಳೆಯವು ಇನ್ನೂ ಇವೆ. 1979ರಲ್ಲಿ ಫ್ರ್ಯಾಂಕ್ ಮಿಲ್ಲರ್ ಎಂಬ ಎಳೆಯ ಚಿತ್ರಕಾರ ‘ಡೇರ್‌ಡೆವಿಲ್’ 158ರಲ್ಲಿ ಕೆಲಸಕ್ಕೆ ಸೇರಿ, 168ರಿಂದ ತಾನೇ ಬರೆಯತೊಡಗಿ ಆ ಪತ್ರಿಕೆಯ ಮುಖವನ್ನೇ ಬದಲಿಸಿದ. ಕ್ರಿಸ್ ಕ್ಲೇರ್‌ಮಾಂಟ್ ಬರೆದು ಜಾನ್ ಬರ್ನ್ ಚಿತ್ರಿಸಿದ ‘ಎಕ್ಸ್‌ಮೆನ್’ 108ರಿಂದ 143, ಅಂದರೆ 1977ರಿಂದ 1981, ಇಡೀ ಸಾಲನ್ನು ನಿಧಾನವಾಗಿ ಕೂಡಿಸುವವರಿಗೆ ವರ್ಷಗಟ್ಟಲೆ ಉದ್ಯೋಗ.

ಆದರೆ ನನ್ನ ಓಟು ಇನ್ನೊಂದಕ್ಕೆ. ಮಾರ್ವೆಲ್‌ನ ಅರ್ಧ ಲೋಕವನ್ನು ಕಟ್ಟಿದ ಜ್ಯಾಕ್ ಕರ್ಬಿ 1970ರಲ್ಲಿ ಅಲ್ಲಿಂದ ಮುನಿಸಿಕೊಂಡು ಎದುರಾಳಿ ಡಿಸಿಗೆ ಹೋದರು. ಹೋದವರು ಆರಿಸಿಕೊಂಡದ್ದು ‘ಸೂಪರ್‌ಮ್ಯಾನ್ಸ್ ಪಾಲ್ ಜಿಮ್ಮಿ ಓಲ್ಸನ್’ ಎಂಬ ಪತ್ರಿಕೆಯನ್ನು. ಅದರ 133ನೆಯ ಸಂಚಿಕೆಯಿಂದ ಅವರ ಆಟ ಶುರು. 134ರಲ್ಲಿ ಡಾರ್ಕ್‌ಸೈಡ್ ಎಂಬ ಖಳ ಮುಖ ತೋರಿಸಿದ. 1971ರಲ್ಲಿ ‘ನ್ಯೂ ಗಾಡ್ಸ್’, ‘ಫಾರೆವರ್ ಪೀಪಲ್’, ‘ಮಿಸ್ಟರ್ ಮಿರಾಕಲ್’ ಮೂರೂ ಹೊಸ ಪತ್ರಿಕೆಗಳು ಬಂದು ನಾಲ್ಕೂ ಸೇರಿ ಒಂದೇ ಮಹಾಕತೆಯನ್ನು ಹೇಳತೊಡಗಿದವು. ದೇವರುಗಳೇ ಎರಡು ಬಣವಾಗಿ ಕಾದಾಡುವ, ಶಾಂತಿಗಾಗಿ ಇಬ್ಬರು ರಾಜರು ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುವ ಕತೆ. ಮಹಾಭಾರತ ಕೇಳಿ ಬೆಳೆದವರಿಗೆ ಅದರ ಗಾತ್ರ ಗಾಬರಿ ಹುಟ್ಟಿಸದು. ಅಲ್ಲಿ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 1972ರಲ್ಲಿ ‘ನ್ಯೂ ಗಾಡ್ಸ್’, ‘ಫಾರೆವರ್ ಪೀಪಲ್’ ಎರಡನ್ನೂ 11ನೆಯ ಸಂಚಿಕೆಗೆ ನಿಲ್ಲಿಸಿದರು. ಕತೆ ಅರ್ಧಕ್ಕೇ ನಿಂತಿತು.

ಈ ಸಾಲು ಸಂಗ್ರಾಹಕನಿಗೆ ಏಕೆ ಹಬ್ಬ ಎಂದರೆ ಜಗಳವೆಲ್ಲ ಪುಟದ ಮೇಲೇ ಬಿದ್ದಿದೆ. ಕರ್ಬಿ ಬರೆದ ಸೂಪರ್‌ಮ್ಯಾನ್ ಮುಖ ತಮ್ಮ ಸಂಸ್ಥೆಯ ಪಡಿಯಚ್ಚಿಗೆ ಹೊಂದುವುದಿಲ್ಲವೆಂದು ಡಿಸಿಯವರು ಬೇರೆ ಚಿತ್ರಕಾರರಿಂದ ಮುಖವನ್ನು ತಿದ್ದಿ ಬರೆಸುತ್ತಿದ್ದರು. ಮೈಯೆಲ್ಲ ಕರ್ಬಿಯದು, ತಲೆ ಮಾತ್ರ ಬೇರೆಯವರದು! ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದು ಕಾಣದೆ ಇರುವುದಿಲ್ಲ. ಇನ್ನು ಬೆಲೆಯ ಕತೆ. 1971ರಲ್ಲಿ ಡಿಸಿ ಬೆಲೆಯನ್ನು 15ರಿಂದ 25 ಸೆಂಟಿಗೆ ಏರಿಸಿ, ಪುಟ ಹೆಚ್ಚಿಸಿ, ಹೆಚ್ಚಿದ ಪುಟಗಳಿಗೆ ಹಳೆಯ ಕತೆಗಳನ್ನು ತುಂಬಿತು. ಮಾರ್ವೆಲ್ ಒಂದೇ ತಿಂಗಳು 25 ಸೆಂಟ್ ಮಾಡಿದಂತೆ ಮಾಡಿ, ಮರುತಿಂಗಳು 20ಕ್ಕೆ ಇಳಿದು ಗಿರಾಕಿಗಳನ್ನು ಸೆಳೆದುಕೊಂಡಿತು. ನಷ್ಟ ಡಿಸಿಗೆ, ಲಾಭ ಇಂದಿನ ಸಂಗ್ರಾಹಕನಿಗೆ. ‘ನ್ಯೂ ಗಾಡ್ಸ್’ನ ಆ ನಡುವಿನ 25 ಸೆಂಟಿನ ಸಂಚಿಕೆಗಳಲ್ಲಿ, ಇದೇ ಕರ್ಬಿ 1940ರ ದಶಕದಲ್ಲಿ ಜೋ ಸೈಮನ್ ಜೊತೆ ಮಾಡಿದ ‘ಮ್ಯಾನ್‌ಹಂಟರ್’ ಕತೆಗಳು ಹಿಂಬದಿಯಲ್ಲಿ ಇವೆ. ಒಬ್ಬ ಕಲಾವಿದನ ಮೂವತ್ತು ವರ್ಷಗಳ ಅಂತರ ಒಂದೇ ಪುಸ್ತಕದೊಳಗೆ. ಡಾರ್ಕ್‌ಸೈಡ್ ಬರುವ ಮೊದಲ ಕೆಲವನ್ನು ಬಿಟ್ಟರೆ ಈ ಸಂಚಿಕೆಗಳಲ್ಲಿ ಹೆಚ್ಚಿನವು, ಓದಲು ಚೆನ್ನಾಗಿರುವ ಸ್ಥಿತಿಯಲ್ಲಿ, ಸಾಮಾನ್ಯನ ಕೈಗೆಟುಕುವ ಬೆಲೆಗೇ ಸಿಗುತ್ತವೆ.

ಸ್ಥಿತಿ ಎಂದೆ. ಇಲ್ಲಿ ಎಚ್ಚರ ಬೇಕು. ಕಾಮಿಕ್ಸಿನ ಸ್ಥಿತಿಯನ್ನು ಪೂರ್, ಫೇರ್, ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ನಿಯರ್ ಮಿಂಟ್, ಮಿಂಟ್ ಎಂದು ಅಳೆಯುತ್ತಾರೆ, ಹತ್ತರವರೆಗೆ ಅಂಕ ಕೊಡುತ್ತಾರೆ. ರಾಬರ್ಟ್ ಓವರ್‌ಸ್ಟ್ರೀಟ್ 1970ರಲ್ಲಿ ತಂದ ಬೆಲೆ ಪುಸ್ತಕದಿಂದ ಈ ಭಾಷೆ ಎಲ್ಲರಿಗೂ ಒಂದಾಯಿತು. ಇದರಲ್ಲಿ ಗುಡ್ ಎಂದರೆ ಒಳ್ಳೆಯದಲ್ಲ. ಹತ್ತಕ್ಕೆ ಎರಡು ಅಂಕ. ಹೊಸಬರು ಮೊದಲು ಮೋಸ ಹೋಗುವುದೇ ಇಲ್ಲಿ. ನನ್ನ ಸಲಹೆ ನಡುವಿನದು: ವೆರಿ ಗುಡ್‌ನಿಂದ ಫೈನ್‌ವರೆಗೆ. ಪುಸ್ತಕ ಇಡಿಯಾಗಿರುತ್ತದೆ, ತೆರೆದು ಓದಲು ಭಯವಿರುವುದಿಲ್ಲ, ಬೆಲೆ ನಿಯರ್ ಮಿಂಟ್‌ಗಿಂತ ಎಷ್ಟೋ ಕೆಳಗೆ.

ಕೊಳ್ಳುವಾಗ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ನೋಡಲು ಕೇಳಿ. ಬೇಡ ಎನ್ನುವವನ ಬಳಿ ಕೊಳ್ಳಬೇಡಿ. ಬೆನ್ನು ಸೀಳಿದೆಯೇ, ಪಿನ್ನು ತುಕ್ಕು ಹಿಡಿದಿದೆಯೇ, ನಡುವಿನ ಹಾಳೆ ಪಿನ್ನಿನಿಂದ ಕಳಚಿದೆಯೇ ನೋಡಿ. 1960ರ ದಶಕದ ಮಾರ್ವೆಲ್ ಪುಸ್ತಕಗಳ ಬಲಗಡೆಯ ಅಂಚಿನಲ್ಲಿ ಇಲಿ ಕಡಿದಂಥ ಸಣ್ಣ ಚೂರುಗಳು ಎದ್ದಿರುವುದುಂಟು. ಇಲಿಯದಲ್ಲ, ಮುದ್ರಣಾಲಯದ ಕತ್ತರಿಸುವ ಅಲಗು ಮೊಂಡಾಗಿದ್ದರ ಗುರುತು. ಮುಖಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು ಕಂಡರೆ ಹೆದರಬೇಡಿ. ಸರಕು ಬಂದ ದಿನವನ್ನು ಅಂಗಡಿಯವನು ಗುರುತು ಹಾಕಿದ್ದು, ಅದು ಬಹಳ ಜನರಿಗೆ ಇಷ್ಟ. ಮುಖಪುಟವೇ ಇಲ್ಲದ ಪ್ರತಿಗಳೂ ಸಿಗುತ್ತವೆ. ಮಾರಾಟವಾಗದ ಪುಸ್ತಕದ ಮುಖಪುಟವನ್ನು ಹರಿದು ವಾಪಸ್ಸು ಕಳಿಸಿದರೆ ಅಂಗಡಿಯವನಿಗೆ ದುಡ್ಡು ಮರಳುತ್ತಿತ್ತು, ಉಳಿದದ್ದನ್ನು ನಾಶ ಮಾಡಬೇಕಿತ್ತು. ಕೆಲವರು ನಾಶ ಮಾಡಲಿಲ್ಲ, ಅಷ್ಟೆ. ಪುಟ ಎಣಿಸಿ, ಕೂಪನ್ನು ಕತ್ತರಿಸಿದ್ದಾರೆಯೇ ನೋಡಿ, ಕೊನೆಗೆ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ನೆಲಮಾಳಿಗೆಯಲ್ಲಿ ನೀರು ಕುಡಿದ ಪುಸ್ತಕ. ಅದನ್ನು ನಿಮ್ಮ ಉಳಿದ ಪುಸ್ತಕಗಳ ಜೊತೆ ಇಡುವ ಯೋಚನೆಯನ್ನೇ ಮಾಡಬೇಡಿ.

ಬಣ್ಣದ ಪೆನ್ನಿನಿಂದ ಮಾಸಿದ್ದನ್ನು ತುಂಬುವುದು, ಅಂಚು ಕತ್ತರಿಸಿ ನೇರ ಮಾಡುವುದು ಇಂಥ ಚಳಕಗಳೂ ಇವೆ. ಹೇಳಿ ಮಾರಿದರೆ ತಪ್ಪಿಲ್ಲ. ಹೇಳುವವರು ಕಡಿಮೆ. ಈ ಅನುಮಾನಕ್ಕೆ ಮದ್ದಾಗಿ 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಶುರುವಾಯಿತು. ಪುಸ್ತಕವನ್ನು ಕಳಿಸಿದರೆ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಚೀಟಿ ನೀಲಿಯಾದರೆ ಸಹಜ, ನೇರಳೆಯಾದರೆ ದುರಸ್ತಿ ಆದದ್ದು. ಸಾವಿರಾರು ಡಾಲರಿನ ವ್ಯವಹಾರಕ್ಕೆ ಇದು ಬೇಕೇ ಬೇಕು. ಮೂವತ್ತು ಡಾಲರಿನ ಪುಸ್ತಕಕ್ಕೆ ಬೇಡ. ಆ ಪೆಟ್ಟಿಗೆಯೊಳಗಿನ ಕಾಮಿಕ್ಸನ್ನು ಓದಲಾಗುವುದಿಲ್ಲ. ಪತ್ರಗಳ ಪುಟ, ಕೇಕಿನ ಜಾಹೀರಾತು ಯಾವುದೂ ಕಾಣುವುದಿಲ್ಲ.

ಮರುಮುದ್ರಣವನ್ನು ಮೂಲವೆಂದು ಮಾರುವವರ ಬಗ್ಗೆ ಎರಡು ಮಾತು. 1974ರಲ್ಲಿ ಡಿಸಿ, ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯನ್ನು ಒಳಗಿನ ಜಾಹೀರಾತಿನ ಸಮೇತ ಹಾಗೆ ಹಾಗೇ ದೊಡ್ಡ ಆಕಾರದಲ್ಲಿ ಮರುಮುದ್ರಿಸಿ, ಮೇಲೊಂದು ಬೇರೆ ಹೊದಿಕೆ ಹಾಕಿತು. ಆ ಹೊರ ಹೊದಿಕೆಯನ್ನು ಕಿತ್ತರೆ ಒಳಗೆ 1938ರ ಮುಖಪುಟ! ಇದನ್ನು ಅಸಲಿ ಎಂದು ನಂಬಿ ಕೊಂಡವರಿದ್ದಾರೆ. ಅಳತೆಪಟ್ಟಿ ಇಟ್ಟರೆ ಗುಟ್ಟು ರಟ್ಟು. ಅಸಲಿ ಅಷ್ಟು ದೊಡ್ಡದಲ್ಲ. 1966ರಲ್ಲಿ ಗ್ರಾಮಫೋನ್ ತಟ್ಟೆಯ ಜೊತೆ ‘ಸ್ಪೈಡರ್‌ಮ್ಯಾನ್’ ಒಂದನೆಯ ಸಂಚಿಕೆ, ‘ಅವೆಂಜರ್ಸ್’ ನಾಲ್ಕನೆಯದು ಮೊದಲಾದವನ್ನು ಮರುಮುದ್ರಿಸಿ ಕೊಡುತ್ತಿದ್ದರು. ಅವುಗಳ ಮುಖಪುಟದಲ್ಲಿ 12 ಸೆಂಟ್ ಎಂಬ ಬೆಲೆ ಇರುವುದಿಲ್ಲ. ಏನೇ ಆಗಲಿ, ಮೊದಲ ಪುಟದ ಕೆಳಗೋ ಮುಖಪುಟದ ಒಳಬದಿಯಲ್ಲೋ ಸಣ್ಣ ಅಕ್ಷರದಲ್ಲಿ ಅಚ್ಚಾದ ಪ್ರಕಟಣೆಯ ವಿವರವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲೆಂಡಿನಲ್ಲಿರುವವರಿಗೆ ಒಂದು ಸಂಗತಿ: ಸೆಂಟಿನ ಬದಲು ಪೆನ್ಸ್ ಬೆಲೆ ಇರುವ ಮಾರ್ವೆಲ್ ಪ್ರತಿಗಳು ಮರುಮುದ್ರಣವಲ್ಲ. ಅದೇ ಅಮೆರಿಕದ ಮುದ್ರಣಾಲಯದಲ್ಲಿ ಅದೇ ಹೊತ್ತಿಗೆ ಬೆಲೆ ಮಾತ್ರ ಬದಲಿಸಿ ತೆಗೆದವು, ಸಾಮಾನ್ಯವಾಗಿ ಅಗ್ಗ.

ತಂದ ಮೇಲೆ ಇಡುವುದು ಹೇಗೆ? ನ್ಯೂಸ್‌ಪ್ರಿಂಟಿನಲ್ಲಿ ಮರದ ಹುಳಿ ಅಂಶ ಉಳಿದಿರುತ್ತದೆ. ಬೆಳಕು, ಸೆಕೆ, ತೇವ ಮೂರೂ ಸೇರಿದರೆ ಹಾಳೆ ಹಳದಿಯಾಗಿ, ಕಂದಾಗಿ, ಹಪ್ಪಳದಂತೆ ಮುರಿಯುತ್ತದೆ. ಕೊಲೊರಾಡೊದ ಎಡ್ಗರ್ ಚರ್ಚ್ ಎಂಬ ಚಿತ್ರಕಾರ ಕೊಂಡಿಟ್ಟಿದ್ದ ಸಾವಿರಾರು ಕಾಮಿಕ್ಸ್ 1977ರಲ್ಲಿ ಹೊರಬಂದಾಗ ದಶಕಗಳ ಹಿಂದಿನವು ನಿನ್ನೆ ಅಚ್ಚಾದಂತಿದ್ದವು. ಅಲ್ಲಿಯ ಒಣ, ತಂಪು ಹವೆ, ಒತ್ತಾಗಿ ಪೇರಿಸಿದ ಕಟ್ಟುಗಳು, ಕತ್ತಲು, ಇಷ್ಟೇ ಕಾರಣ. ಊರಿಗೆ ತಂದಿಡುವುದಾದರೆ, ಮಂಗಳೂರಿನ ಮಳೆಗಾಲಕ್ಕೆ ಈ ಭಾಗ್ಯವಿಲ್ಲ. ಆಮ್ಲರಹಿತ ರಟ್ಟು, ಒಳ್ಳೆಯ ಪ್ಲಾಸ್ಟಿಕ್ ಚೀಲ, ಗೋಡೆಗೆ ತಾಗದ ಕಪಾಟು, ಒಳಗೆ ತೇವ ಹೀರುವ ಪೊಟ್ಟಣ. ಮಳೆ ಬಿಟ್ಟ ಮೇಲೆ ಎಲ್ಲವನ್ನೂ ತೆಗೆದು ನೋಡುವುದು. ಗೆದ್ದಲಿಗೆ ಮೊದಲ ಸಂಚಿಕೆ, ಎರಡನೆಯ ಸಂಚಿಕೆ ಎಂಬ ಭೇದವಿಲ್ಲ.

ಇಷ್ಟಾದರೂ ಬೆಲೆ ಹೆಚ್ಚಾಯಿತು ಎನ್ನುವವರಿಗೆ ಒಂದು ಅಡ್ಡದಾರಿ ಇದೆ. 1970, 80ರ ದಶಕಗಳಲ್ಲಿ ಮಾರ್ವೆಲ್ ತನ್ನದೇ ಹಳೆಯ ಕತೆಗಳನ್ನು ‘ಮಾರ್ವೆಲ್ ಟೇಲ್ಸ್’, ‘ಮಾರ್ವೆಲ್ಸ್ ಗ್ರೇಟೆಸ್ಟ್ ಕಾಮಿಕ್ಸ್’ ಮುಂತಾದ ಹೆಸರಿನಲ್ಲಿ ಮತ್ತೆ ಅಚ್ಚು ಹಾಕುತ್ತಿತ್ತು. ಗ್ಯಾಲಕ್ಟಸ್ ಕತೆ 1972ರಲ್ಲಿ ಹೀಗೆ ಮತ್ತೆ ಬಂತು. 36 ಲಕ್ಷ ಡಾಲರಿನ ಆ ಸ್ಪೈಡರ್‌ಮ್ಯಾನ್ ಹುಟ್ಟಿನ ಕತೆ 1982ರ ‘ಮಾರ್ವೆಲ್ ಟೇಲ್ಸ್’ 137ರಲ್ಲಿ ಇದೆ. ಅದೇ ನ್ಯೂಸ್‌ಪ್ರಿಂಟ್, ಅದೇ ಚುಕ್ಕಿ ಬಣ್ಣ, ಆ ಕಾಲದ್ದೇ ಜಾಹೀರಾತು. ಬೆಲೆ ಮಾತ್ರ ಒಂದು ಹೊತ್ತಿನ ಊಟದ್ದು. ಕೊಳ್ಳುವಾಗ ಒಂದು ಗಮನಿಸಿ, 1970ರ ದಶಕದ ಕೊನೆಗೆ ಪುಟಗಳು ಕಡಿಮೆಯಾಗಿ ಮೂಲ ಕತೆಯ ಎರಡು ಮೂರು ಪುಟಗಳನ್ನು ಕೆಲವು ಸಲ ಹಾರಿಸಿಬಿಟ್ಟಿದ್ದಾರೆ. ಮೂಲದ ಪುಟ ಎಷ್ಟಿತ್ತು ಎಂದು ಗ್ರಂಥಾಲಯದ ಯಾವುದಾದರೂ ಸಂಪುಟದಲ್ಲಿ ನೋಡಿಕೊಂಡು ಹೋಗಿ.